‘ವಗೈರೆ’ ಅಂದರೆ ಯಾರು? ಜಮೀನಿನ ಕಾಗದಗಳಲ್ಲಿ ಮರೆಯಾದ ವಾರಸುದಾರರು

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳ ಉತ್ತರವನ್ನೂ ಇದರಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು 1961ರ ಒಂದು ಕ್ರಯಪತ್ರದ ಜೆರಾಕ್ಸ್. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ತಾತ, ಅವರ ಇಬ್ಬರು ತಮ್ಮಂದಿರು ಸೇರಿ 30 ಗುಂಟೆ ಖುಷ್ಕಿ ಜಮೀನು ಮಾರಿದ ಕಾಗದ. ಕೊನೆಯ ಪುಟದಲ್ಲಿ ಮೂರು ಸಹಿ ಇರಬೇಕು, ಅಲ್ವಾ? ಇವೆ. ಅವುಗಳ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತೂ ಇದೆ. ಪಕ್ಕದಲ್ಲಿ ಒಬ್ಬ ಹೆಂಗಸಿನ ಹೆಸರು. ‘ಕೋಂ’ ಎಂದು ಬರೆದು ಗಂಡನ ಹೆಸರು. ಬೇರೆ ತಾಲ್ಲೂಕಿನ ಒಂದು ಊರು. ವಯಸ್ಸು ಸುಮಾರು 40.

ನಮ್ಮ ನಡುಮನೆಯ ಗೋಡೆ ಮೇಲೆ ಒಂದು ವಂಶವೃಕ್ಷ ತೂಗುಹಾಕಿದೆ. ದೊಡ್ಡಪ್ಪ ಆಸೆಪಟ್ಟು ಬರೆಸಿದ್ದು. ಅದರಲ್ಲಿ ಮುತ್ತಾತನಿಗೆ ಮೂರೇ ಮಕ್ಕಳು, ಮೂವರೂ ಗಂಡು. ಹೆಬ್ಬೆಟ್ಟು ಒತ್ತಿದ ಈ ಹೆಂಗಸು ಅಲ್ಲಿಲ್ಲ. ಅಪ್ಪನನ್ನು ಕೇಳಿದೆ. ‘ನಮ್ಮಪ್ಪನಿಗೆ ಒಬ್ಬ ತಂಗಿ ಇದ್ರು ಅಂತಾರೆ. ನಾನು ಸಣ್ಣೋನಿದ್ದಾಗಲೇ ಹೋಗೋದು ಬರೋದು ನಿಂತೋಗಿತ್ತು’ ಅಂದರು. ಅಷ್ಟೇ. ಹೆಸರು ಅವರಿಗೂ ಗೊತ್ತಿರಲಿಲ್ಲ.

ಆ ಹೆಸರನ್ನು ನಾನೂ ಇಲ್ಲಿ ಹೇಳುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಜಮೀನಿನ ವಿಷಯ ಸೂಕ್ಷ್ಮ. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಹೇಳಲೇಬೇಕು.

ಮುತ್ತಾತ ತೀರಿಕೊಂಡಿದ್ದು 1958ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದಿತ್ತು. ಅದರ ಪ್ರಕಾರ ಒಟ್ಟು ಕುಟುಂಬದ ಆಸ್ತಿಯಲ್ಲೂ ಸತ್ತವನ ಪಾಲಿಗೆ ಬರುತ್ತಿದ್ದ ಭಾಗದಲ್ಲಿ ಹೆಂಡತಿ, ತಾಯಿ, ಹೆಣ್ಣುಮಕ್ಕಳಿಗೂ ಹಕ್ಕು ಬಂತು. ಮನೆಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಕ್ಕಿಲ್ಲ. ಆದರೆ ಜಮೀನು ಕೊಳ್ಳುವವನಿಗೆ ಭಯ ಇರುತ್ತದೆ. ನಾಳೆ ಯಾರೋ ಬಂದು ‘ಇದರಲ್ಲಿ ನನ್ನದೂ ಪಾಲಿದೆ’ ಅಂತ ದಾವೆ ಹಾಕಿದರೆ? ಆ ಭಯಕ್ಕೆ ಪತ್ರ ಬರೆಯುವವರು ಮನೆಯವರನ್ನು ಕೂರಿಸಿಕೊಂಡು ಕೇಳುತ್ತಿದ್ದರು. ಹೆಣ್ಣುಮಕ್ಕಳು ಎಷ್ಟು ಜನ? ಎಲ್ಲಿಗೆ ಕೊಟ್ಟಿದ್ದೀರಿ? ಕರೆಸಿ, ಸಹಿ ಹಾಕಿಸಿ.

ನಾವು ಮರೆತವರನ್ನು ಕೊಂಡವರು ಮರೆಯಲಿಲ್ಲ. ನನ್ನ ಹದಿನೈದು ವರ್ಷದ ಹುಡುಕಾಟದಲ್ಲಿ ಕಂಡದ್ದು ಇದೇ. ಹೆಣ್ಣುಮಕ್ಕಳ ಹೆಸರು ಅವರು ಆಸ್ತಿ ಪಡೆದ ಕಾಗದದಲ್ಲಿ ಸಿಗುವುದು ಅಪರೂಪ. ಬಿಟ್ಟುಕೊಟ್ಟ ಕಾಗದದಲ್ಲಿ ಸಿಗುತ್ತದೆ. ಹಾಗಾಗಿ ಯಾವ ಪತ್ರ ಸಿಕ್ಕಿದರೂ ನಾನು ಮೊದಲು ಕೊನೆಯ ಪುಟ ತೆರೆಯುತ್ತೇನೆ. ಯಾರು ಸಹಿ ಹಾಕಿದ್ದಾರೆ, ಅವರ ಸಹಿ ಯಾಕೆ ಬೇಕಾಯಿತು ಅಂತ ನೋಡುತ್ತೇನೆ.

ಸರಿ, ಕೆಲಸ ಎಲ್ಲಿಂದ ಶುರು ಮಾಡುವುದು? ಪಹಣಿಯಿಂದ. ಜಮೀನು ಎಷ್ಟು, ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ ಅದು. ಉತ್ತರ ಕರ್ನಾಟಕದವರು ಉತಾರ ಅಂತೀರಿ. 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು ಇರುತ್ತದೆ. ಎಲ್ಲರೂ ಅದನ್ನೇ ನೋಡಿ ಮಡಚಿಡುತ್ತಾರೆ. ವಂಶ ಹುಡುಕುವವರಿಗೆ ಅದರ ಪಕ್ಕದ 10ನೇ ಕಾಲಂ ಮುಖ್ಯ. ಜಮೀನು ಹೇಗೆ ಬಂತು ಅನ್ನುವುದು ಅಲ್ಲಿರುತ್ತದೆ. ‘ಎಂಆರ್’ ಅಂತ ಒಂದು ನಂಬರ್ ಇದ್ದರೆ ಹಕ್ಕು ಬದಲಾವಣೆ ಆಗಿದೆ ಅಂತ. ‘ಐಎಚ್‌ಸಿ’ ಅಥವಾ ‘ಐಎಚ್‌ಆರ್’ ಇದ್ದರೆ ವಾರಸಿನಿಂದ ಬಂದದ್ದು. ನಾವು ಹಳೇ ಮೈಸೂರಿನವರು ಪೌತಿ ಖಾತೆ ಅನ್ನುವುದು ಇದನ್ನೇ. ಬೆಳಗಾವಿ, ಧಾರವಾಡ ಕಡೆ ವಾರಸಾ ಅಂತಾರೆ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಬೇಕು. 11ನೇ ಕಾಲಂ ಅನ್ನೂ ಬಿಡಬೇಡಿ. ವಿಧವೆಯ ಜೀವನಾಂಶ, ಸಾಲ, ಆಧಾರ (ಅಂದರೆ ಅಡಮಾನ) ಎಲ್ಲ ಅಲ್ಲಿ ಸೇರಿಕೊಂಡಿರುತ್ತವೆ.

ಕಂಪ್ಯೂಟರ್ ಪಹಣಿ ಸಾಕಾಗುವುದಿಲ್ಲ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಹತ್ತಿರ ಹತ್ತಿರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಬಹಳ ದೊಡ್ಡ ಕೆಲಸ. ಆದರೆ ಏರಿಸಿದ್ದು ಆ ಹೊತ್ತಿನ ಹೆಸರುಗಳನ್ನು. ನಮಗೆ ಬೇಕಾದ್ದು ಅದಕ್ಕಿಂತ ಹಿಂದಿನದು, ಅಂದರೆ ಕೈಬರಹದ ಪಹಣಿ. ಅದಕ್ಕೂ ಹಿಂದೆ ಹೋದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್, ಅಂದರೆ ಜಮೀನುಗಳ ಸೂಚಿ ಮತ್ತು ಹಕ್ಕು ದಾಖಲೆ. ಕಚೇರಿಯಲ್ಲಿ ‘ಐಎಲ್ ಆರ್‌ಆರ್ ಕೊಡಿ’ ಅಂದರೆ ಸಾಕು, ಗೊತ್ತಾಗುತ್ತದೆ. ಹಳೆ ಮೈಸೂರು ಸಂಸ್ಥಾನದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದದ್ದು 1927ರಲ್ಲಿ. ಮುಂಬೈ ಪ್ರಾಂತ್ಯದಲ್ಲಿ 1903ರಲ್ಲೇ ಬಂದಿತ್ತು. ಹಾಗಾಗಿ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಕಡೆಯವರಿಗೆ ಅನುಕೂಲ ಜಾಸ್ತಿ. ಅಲ್ಲಿ ಹಕ್ಕು ಬದಲಾವಣೆಯ ಪುಸ್ತಕಕ್ಕೆ ಡೈರಿ ಅಂತಾರೆ. ‘ಇಂಥವನು ಇಂಥ ದಿನ ಮೃತನಾದನು, ಅವನಿಗೆ ಇಷ್ಟು ಜನ ವಾರಸುದಾರರು’ ಎಂದು ನೂರು ವರ್ಷದ ಹಿಂದಿನ ನಮೂದು ಸಿಕ್ಕರೂ ಆಶ್ಚರ್ಯ ಇಲ್ಲ. ಕೆಲವು ಮರಾಠಿಯಲ್ಲಿ, ಇನ್ನು ಕೆಲವು ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಇರುತ್ತವೆ. ಕಲಬುರಗಿ, ಬೀದರ್, ರಾಯಚೂರು ಕಡೆ ಹಳೆ ಕಾಗದ ಉರ್ದುವಿನಲ್ಲಿರುತ್ತದೆ, ವರ್ಷ ಫಸಲಿಯಲ್ಲಿ, ಅಂದರೆ ಹಳೇ ಕಂದಾಯದ ವರ್ಷದ ಲೆಕ್ಕದಲ್ಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿಗೆ ಹತ್ತಿರ ಬರುತ್ತೀರಿ.

ಒಂದು ಎಚ್ಚರಿಕೆ. ಖಾತೆಯಲ್ಲಿ ಒಬ್ಬನೇ ಇದ್ದಾನೆ ಅಂದರೆ ಆ ಮನೆಯಲ್ಲಿ ಒಬ್ಬನೇ ಮಗ ಅಂತ ತಿಳಿಯಬೇಡಿ. ಮನೆಯ ಯಜಮಾನ ಅಂತ ಹಿರಿಯ ಮಗನ ಹೆಸರಿಗೆ ಖಾತೆ ಮಾಡಿಸುವುದು ವಾಡಿಕೆಯಾಗಿತ್ತು. ಉಳಿದವರೆಲ್ಲ ‘ವಗೈರೆ’. ಕಂದಾಯ ರಸೀದಿಯಲ್ಲಿ ಆ ಒಂದು ಪದ ಕಂಡರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಅದರ ಹಿಂದೆ ಎಷ್ಟು ಜನ ಇದ್ದಾರೋ!

ಇನ್ನು ಸಬ್ ರಿಜಿಸ್ಟ್ರಾರ್ ಕಚೇರಿ. ಸ್ಥಿರಾಸ್ತಿಯ ಪತ್ರಗಳೆಲ್ಲ ಅಲ್ಲಿ 1ನೇ ಪುಸ್ತಕದಲ್ಲಿ ಇರುತ್ತವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆ ಪುಸ್ತಕವನ್ನು, ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಒಂದು ಸೂಚಿ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ ಇರುತ್ತದೆ. ಮರಣಶಾಸನ, ಅಂದರೆ ಉಯಿಲು, 3ನೇ ಪುಸ್ತಕದಲ್ಲಿರುತ್ತದೆ. ಬರೆದವರು ಬದುಕಿರುವವರೆಗೆ ಅದರ ನಕಲು ಬೇರೆಯವರಿಗೆ ಕೊಡುವುದಿಲ್ಲ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡುತ್ತಾರೆ. ಉಯಿಲಿನಲ್ಲಿ ಪಾಲು ಸಿಕ್ಕವರಷ್ಟೇ ಅಲ್ಲ, ಸಿಗದವರೂ ಇರುತ್ತಾರೆ. ‘ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಡಬೇಕಾದ್ದನ್ನು ಕೊಟ್ಟಿದ್ದೇನೆ’ ಅನ್ನುವ ಸಾಲು ಬಂದರೆ ನಿಧಾನವಾಗಿ ಓದಿ. ಹೆಸರು ಅಲ್ಲೇ ಇರುತ್ತದೆ.

ಋಣಭಾರ ಪತ್ರ, ಅಂದರೆ ನಾವು ಇಸಿ ಅನ್ನುವುದು, ಒಂದು ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ. ಅದು 2004ರಿಂದ ಈಚಿನದಾದರೆ ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದಕ್ಕೆ ಹಿಂದಿನದಕ್ಕೆ ಕೈಯಿಂದ ಹುಡುಕಿಸಬೇಕು. ತಾಳ್ಮೆ ಬೇಕು. ಇಸಿಯಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಎರಡು ಕಡೆಯ ಹೆಸರು ಬರುತ್ತದೆ. ಬರೆದುಕೊಟ್ಟವರ ಸಾಲಿನಲ್ಲಿ ಗುರುತಿಲ್ಲದ ಹೆಸರು ಕಂಡರೆ ಆ ಪತ್ರದ ದೃಢೀಕೃತ ನಕಲು ತೆಗೆಸಿ.

ಕ್ರಯಪತ್ರಕ್ಕಿಂತ ನನಗೆ ಹೆಚ್ಚು ಕೊಟ್ಟದ್ದು ಹಕ್ಕು ಖುಲಾಸೆ ಪತ್ರ. ಅಕ್ಕತಂಗಿಯರು ‘ನಮಗೆ ಬರುವ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದೇವೆ’ ಎಂದು ಬರೆದುಕೊಡುವುದು. ಎಲ್ಲ ಹೆಣ್ಣುಮಕ್ಕಳೂ ಒಂದೇ ಹಾಳೆಯಲ್ಲಿ ಸಾಲಾಗಿ ಬರುತ್ತಾರೆ. ಗಂಡನ ಹೆಸರು, ಊರು, ವಯಸ್ಸು ಎಲ್ಲ ಇರುತ್ತದೆ. ಸತ್ತ ಅಕ್ಕನ ಬದಲು ಅವಳ ಮಕ್ಕಳು ಬಂದಿರುತ್ತಾರೆ. ‘ಅರಿಶಿನ ಕುಂಕುಮಕ್ಕೆ ಇಂತಿಷ್ಟು ಸಂದಾಯವಾಗಿದೆ’ ಅಂತ ಒಂದು ಸಾಲು ಇರುತ್ತದೆ. ಕೆಲವು ಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಅಂತ ಮಗಳಿಗೆ ತುಂಡು ಜಮೀನನ್ನೇ ಕೊಡುತ್ತಿದ್ದರು. ಅಂಥ ಹೊಲಕ್ಕೆ ಊರಿನಲ್ಲಿ ಅವಳ ಹೆಸರೇ ನಿಂತಿರುತ್ತದೆ. ಮನೆಯವರು ಅವಳನ್ನು ಮರೆತರೂ ಊರು ಆ ಹೊಲವನ್ನು ಅವಳ ಹೆಸರಿನಿಂದಲೇ ಕರೆಯುತ್ತದೆ.

ಕಾನೂನಿನ ಇಸವಿಗಳನ್ನು ಯಾಕೆ ಹೇಳುತ್ತೇನೆ ಅಂದರೆ, ಯಾವ ವರ್ಷದ ಕಾಗದದಲ್ಲಿ ಯಾರ ಹೆಸರು ನಿರೀಕ್ಷಿಸಬಹುದು ಅನ್ನುವುದು ಅದರಿಂದ ತಿಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂತು. ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ, ತಾಯಿಗೂ ಒಂದು ಭಾಗ. ಹಾಗಾಗಿ 1933ರ ನಂತರದ ಹಳೆ ಮೈಸೂರಿನ ಪಾರೀಖತ್ತಿನಲ್ಲಿ, ಅಂದರೆ ಪಾಲುಪತ್ರದಲ್ಲಿ, ಮದುವೆಯಾಗದ ತಂಗಿ ಕಾಣಿಸಬಹುದು, ಮದುವೆಯಾದ ಅಕ್ಕ ಕಾಣಿಸದೆ ಇರಬಹುದು. ಅಕ್ಕ ಇರಲೇ ಇಲ್ಲ ಅಂತ ತೀರ್ಮಾನಿಸಬೇಡಿ. 1994ರ ಜುಲೈ 30ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇರಲಿಲ್ಲ. ಅದರಿಂದ ಆ ಕಾಲದ ಪಾಲಿನ ದಾವೆಗಳಲ್ಲಿ ಮದುವೆ ಯಾವ ದಿನ ಆಯಿತು ಅನ್ನುವುದೇ ದೊಡ್ಡ ಪ್ರಶ್ನೆ. ಲಗ್ನಪತ್ರಿಕೆಯನ್ನೇ ಸಾಕ್ಷಿಗೆ ಹಾಜರು ಮಾಡಿರುತ್ತಾರೆ! ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಈ ಹಕ್ಕು ಇಡೀ ದೇಶಕ್ಕೆ, ಮದುವೆಯಾದವರಿಗೂ ಬಂತು. ಆಮೇಲೆ ಹೆಣ್ಣುಮಕ್ಕಳ ಸಹಿ ಇಲ್ಲದೆ ಕೊಳ್ಳಲು ಯಾರೂ ಧೈರ್ಯ ಮಾಡುವುದಿಲ್ಲ. ದಾವೆ ಅಂದೆ. ಪಾಲಿನ ದಾವೆಯ ಜೊತೆ ವಂಶವೃಕ್ಷ ಕೊಟ್ಟಿರುತ್ತಾರೆ. ಎದುರಾಳಿ ಅದನ್ನು ತಪ್ಪು ಅಂದು ಇನ್ನೊಂದು ಕೊಟ್ಟಿರುತ್ತಾನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಪಾಲಿನ ಲೆಕ್ಕ. ಎಲ್ಲೂ ಹೆಸರಿಲ್ಲ ಅಂದರೂ ಗುಂಟೆ ಲೆಕ್ಕ ಸುಳ್ಳು ಹೇಳುವುದಿಲ್ಲ.

ಹಾಸನ ಕಡೆಯ ಸ್ನೇಹಿತರೊಬ್ಬರ ಮನೆಯ ಉದಾಹರಣೆ. ಅವರ ಮುತ್ತಾತನ ಸರ್ವೆ ನಂಬರ್ 6 ಎಕರೆ 30 ಗುಂಟೆ. ಅದರಲ್ಲಿ 20 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಖರಾಬು ಕಳೆದೇ ಭಾಗ ಮಾಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಉಳಿದದ್ದು 6 ಎಕರೆ 10 ಗುಂಟೆ, ಎಕರೆಗೆ 40ರಂತೆ 250 ಗುಂಟೆ. ಮನೆಯವರ ಪ್ರಕಾರ ಮುತ್ತಾತನಿಗೆ ನಾಲ್ವರು ಗಂಡುಮಕ್ಕಳು. ನಾಲ್ವರಿಗೂ ತಲಾ 1 ಎಕರೆ 10 ಗುಂಟೆ ಬಂದಿದೆ. ಅಂದರೆ 50 ಗುಂಟೆ. ನಾಲ್ಕು ಐವತ್ತಲಿ ಇನ್ನೂರು. ಉಳಿದ 50 ಗುಂಟೆ ಎಲ್ಲಿ? ಅದೇ ಸರ್ವೆ ನಂಬರಿನ ಒಂದು ಹಿಸ್ಸಾ, ಅಂದರೆ ಒಡೆದ ತುಂಡು, ಬೇರೆ ಮನೆತನದವರ ಹೆಸರಿನಲ್ಲಿತ್ತು. ಸರಿಯಾಗಿ 1 ಎಕರೆ 10 ಗುಂಟೆ. ನಾಲ್ಕು ಜನಕ್ಕೆ ಹಂಚಿದ್ದರೆ 62 ಗುಂಟೆ ಮೇಲೆ ಬರಬೇಕಿತ್ತು. 50 ಬಂದಿದೆ ಅಂದರೆ ಹಂಚಿದ್ದು ಐದು ಜನಕ್ಕೆ.

ಆ ಹಿಸ್ಸಾದ 10ನೇ ಕಾಲಂ ಹಿಡಿದು ಹೋದೆವು. 1952ರ ಕ್ರಯಪತ್ರ ಸಿಕ್ಕಿತು. ಮಾರಿದವರು ಒಬ್ಬ ವಿಧವೆ. ಪಾಲಾದ ಮೇಲೆ ತೀರಿಕೊಂಡ ಐದನೇ ಮಗನ ಹೆಂಡತಿ. ಗಂಡುಮಕ್ಕಳಿರಲಿಲ್ಲ, ಅದಕ್ಕೇ ಮನೆಯವರ ನೆನಪಿನಿಂದ ಇಡೀ ಕವಲೇ ಬಿದ್ದುಹೋಗಿತ್ತು. ಪತ್ರದಲ್ಲಿ ಮಾರುವ ಕಾರಣ ಬರೆದಿತ್ತು: ಮಗಳ ಮದುವೆ ಖರ್ಚಿಗೆ. ಆ ಕಾಲದಲ್ಲಿ ವಿಧವೆ ಗಂಡನ ಜಮೀನನ್ನು ಸುಮ್ನೆ ಮಾರುವ ಹಾಗಿರಲಿಲ್ಲ. ಬಹುಪಾಲು ಅವಳಿಗೆ ಇದ್ದದ್ದು ಜೀವನ ಪರ್ಯಂತದ ಹಕ್ಕು ಮಾತ್ರ. ಮಾರಲು ಒಪ್ಪುವಂಥ ಕಾರಣ ಬೇಕು. ಆ ಕಾರಣ ಪತ್ರದಲ್ಲೇ ಬರಬೇಕು, ಇಲ್ಲದಿದ್ದರೆ ಕೊಂಡವನಿಗೆ ಅಪಾಯ. ಆದ್ದರಿಂದ ನಮಗೆ ಐದನೇ ಮಗ, ಅವನ ಹೆಂಡತಿ, ಅವರ ಮಗಳು, ಮೂವರೂ ಒಂದೇ ಕಾಗದದಲ್ಲಿ ಸಿಕ್ಕರು. ನನ್ನ ಸ್ನೇಹಿತರು ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತರು.

ಚಕ್ಕುಬಂದಿಯನ್ನೂ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರವನ್ನೂ ಓದಿ. ‘ಪೂರ್ವಕ್ಕೆ ನನ್ನ ಅಣ್ಣನ ಪಾಲಿನ ಜಮೀನು, ಉತ್ತರಕ್ಕೆ ಚಿಕ್ಕಪ್ಪನ ಮಕ್ಕಳ ಜಮೀನು’ ಅಂತ ಇರುತ್ತದೆ. ನಿಮ್ಮ ಪತ್ರ ಕಳೆದುಹೋಗಿದ್ದರೆ ಪಕ್ಕದ ಹೊಲದವರ ಪತ್ರದಲ್ಲಿ ನಿಮ್ಮ ಮನೆಯವರು ಎಲ್ಲೆಯಾಗಿ ನಿಂತಿರುತ್ತಾರೆ. ಅಪ್ರಾಪ್ತ ಮಕ್ಕಳಿದ್ದರೆ ‘ಮೈನರ್ ಗಾರ್ಡಿಯನ್ ತಾಯಿ’ ಅಂತ ಬರೆದು ಮಗುವಿನ ವಯಸ್ಸು ಹಾಕಿರುತ್ತಾರೆ. ಹುಟ್ಟಿದ ವರ್ಷ ಅಲ್ಲಿಂದ ಅಂದಾಜು ಮಾಡಬಹುದು. ದೊಡ್ಡವರ ವಯಸ್ಸನ್ನು ಜಾಸ್ತಿ ನಂಬಬೇಡಿ. 40, 50 ಅಂತ ಸುಮಾರಿಗೆ ಬರೆಸಿದ್ದೇ ಹೆಚ್ಚು.

‘ನಮ್ಮ ಮನೆಗೆ ಜಮೀನೇ ಇರಲಿಲ್ಲ, ನಾವೇನು ಮಾಡೋಣ?’ ಅಂತ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಕೇಳಿದಳು. ಬಹಳ ಸರಿಯಾದ ಪ್ರಶ್ನೆ. ಬೇರೆಯವರ ಜಮೀನನ್ನು ಗೇಣಿಗೆ ಉಳುತ್ತಿದ್ದರೆ ಭೂ ನ್ಯಾಯಮಂಡಳಿಯ ಕಡತ ನೋಡಿ. ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಉಳುವ ಜಮೀನು ತಮಗೇ ಬರಲಿ ಅಂತ 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಕೊನೆಯ ದಿನ 1979ರ ಜೂನ್ 30ರವರೆಗೂ ಮುಂದೆ ಹೋಯಿತು. ಆ ಕಡತಗಳಲ್ಲಿ ‘ನಮ್ಮ ತಾತನ ಕಾಲದಿಂದ ಉಳುತ್ತಿದ್ದೇವೆ’ ಅನ್ನುವ ಹೇಳಿಕೆಗಳಿವೆ. ಅರ್ಜಿದಾರ ಮಧ್ಯದಲ್ಲಿ ತೀರಿಕೊಂಡರೆ ಹೆಂಡತಿ ಮಕ್ಕಳನ್ನೆಲ್ಲ ಹೆಸರಿಟ್ಟು ಸೇರಿಸಿದ್ದಾರೆ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಆ ಊರ ಕೆಲಸಕ್ಕೆ ಅಂತ ಕೊಟ್ಟ ಇನಾಂ ಜಮೀನು ಇತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ನಂತರ ಅದನ್ನು ಅವರಿಗೇ ಮರುಮಂಜೂರು ಮಾಡಿದರು. ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪಿದ ದಲಿತ ಕುಟುಂಬಗಳು 1978ರ ಪಿಟಿಸಿಎಲ್ ಕಾಯ್ದೆಯಡಿ (ಅಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಉಪವಿಭಾಗಾಧಿಕಾರಿ ಮುಂದೆ ಹಾಕಿದ ಅರ್ಜಿಗಳೂ ಇವೆ. ಮೊದಲು ಮಂಜೂರಾದವರಿಗೆ ತಾವು ಏನಾಗಬೇಕು ಅಂತ ಅಲ್ಲಿ ಹೇಳಲೇಬೇಕು. ಅಕ್ಷರ ಬಲ್ಲವರು ಕಡಿಮೆಯಿದ್ದ ಮನೆಗಳ ವಂಶ ಇಷ್ಟು ವಿವರವಾಗಿ ಬೇರೆಲ್ಲೂ ಬರೆದದ್ದನ್ನು ನಾನು ನೋಡಿಲ್ಲ.

ದಕ್ಷಿಣ ಕನ್ನಡ, ಉಡುಪಿಯವರಿಗೆ ಒಂದು ಮಾತು. ಅಳಿಯಸಂತಾನದ, ಅಂದರೆ ವಂಶ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಮನೆಗಳಲ್ಲಿ ಯಜಮಾನನ ನಂತರ ಬರುವ ಹೆಸರು ಮಗನದ್ದು ಅಂತ ತಿಳಿದರೆ ಇಡೀ ವೃಕ್ಷ ತಪ್ಪುತ್ತದೆ. ಅದು ತಮ್ಮನದೋ ಅಕ್ಕತಂಗಿಯ ಮಗನದೋ ಇರುತ್ತದೆ. ಬದಲಿಗೆ ಅಲ್ಲಿ ಹೆಂಗಸರ ಹೆಸರು ಧಾರಾಳವಾಗಿ ಸಿಗುತ್ತದೆ. 1949ರ ಅಳಿಯಸಂತಾನ ಕಾಯ್ದೆಯ ನಂತರದ ವಿಭಾಗ ಪತ್ರಗಳಲ್ಲಿ ಒಂದೊಂದು ಕವರೂ (ಅಂದರೆ ಕುಟುಂಬದ ಕವಲೂ) ಒಬ್ಬ ಅಜ್ಜಿಯಿಂದ ಶುರುವಾಗುತ್ತದೆ, ತೊಟ್ಟಿಲಲ್ಲಿರುವ ಕೂಸಿನವರೆಗೂ ಹೆಸರಿರುತ್ತದೆ. ಘಟ್ಟದ ಮೇಲಿನ ನಮಗೆ ಅಂಥ ಭಾಗ್ಯ ಇಲ್ಲ.

ಪೌತಿ ಖಾತೆಗೆ ಅಂತ ಪ್ರಮಾಣಪತ್ರ ಕೊಟ್ಟು ಮಾಡಿಸಿದ ವಂಶವೃಕ್ಷವನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಮನೆಯವರು ಹೇಳಿದ್ದನ್ನು ಬರೆದದ್ದು. ಹೆಣ್ಣುಮಕ್ಕಳನ್ನು ಬಿಟ್ಟು ಬರೆಸಿದ ಎಷ್ಟೋ ವಂಶವೃಕ್ಷಗಳನ್ನು ನಾನು ನೋಡಿದ್ದೇನೆ. ನೋವಾಗುತ್ತದೆ. ಬದುಕಿರುವಾಗಲೇ ಒಬ್ಬರನ್ನು ಇಲ್ಲ ಅಂತ ಬರೆಸುವುದು ಸಣ್ಣ ವಿಷಯ ಅಲ್ಲ.

ಹಳೇ ಕಾಗದ ಹಿಡಿದು ಯಾರದೋ ಮನೆಗೆ ಹೋದರೆ ಪಾಲು ಕೇಳಲು ಬಂದಿದ್ದಾರೆ ಅಂತಲೇ ತಿಳಿಯುತ್ತಾರೆ. ನನ್ನನ್ನು ಎರಡು ಮನೆಗಳಲ್ಲಿ ಒಳಗೆ ಕರೆಯಲಿಲ್ಲ. ಅವರ ತಪ್ಪಲ್ಲ. ಆದ್ದರಿಂದ ಫೈಲು ಆಮೇಲೆ, ಮೊದಲು ನೀವು ಯಾರು ಅಂತ ಹೇಳಿ. ನಿಮ್ಮ ಕಡೆಯ ಫೋಟೋ ತೋರಿಸಿ. ಏನೂ ಬರೆಸಿಕೊಳ್ಳಬೇಡಿ.

ಇನ್ನು ಆ ಹೆಬ್ಬೆಟ್ಟಿಗೆ ಬರುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಾನು ಮೊದಲು ತೆಗೆಸಿದ ನಕಲಿನಲ್ಲಿ ಹೆಬ್ಬೆಟ್ಟು ಇರಲಿಲ್ಲ. ಆಗೆಲ್ಲ ಪತ್ರವನ್ನು ಗುಮಾಸ್ತರು ಪುಸ್ತಕಕ್ಕೆ ಕೈಯಲ್ಲಿ ನಕಲು ಮಾಡುತ್ತಿದ್ದರು. ‘ಎಡಗೈ ಹೆಬ್ಬೆಟ್ಟಿನ ಗುರುತು’ ಅಂತ ಅಕ್ಷರದಲ್ಲಿ ಬರೆದಿತ್ತು. ಮೂಲ ಪತ್ರ ಇರುವುದು ಕೊಂಡವರ ಮನೆಯಲ್ಲಿ. ಕೊಂಡವರ ಮೊಮ್ಮಗ ಕಬ್ಬಿಣದ ಪೆಟ್ಟಿಗೆ ತೆರೆದು ಕೊಟ್ಟರು, ಜೆರಾಕ್ಸ್ ಮಾಡಿಸಿಕೊಂಡೆ. ಪತ್ರದಲ್ಲಿದ್ದ ಗಂಡನ ಹೆಸರು, ಊರು ಹಿಡಿದು ಆ ಊರಿನ ಪಹಣಿ ನೋಡಿದೆ. ಗಂಡ ಸತ್ತ ಮೇಲಿನ ವಾರಸಿನ ನಮೂದಿನಲ್ಲಿ ಅವರ ಹೆಸರು ಮತ್ತೆ ಸಿಕ್ಕಿತು. ಜೊತೆಗೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು.

ಆ ಮಗಳು ಬದುಕಿದ್ದರು. ನಮ್ಮಪ್ಪನಿಗೆ ಸೋದರತ್ತೆಯ ಮಗಳು, ನನಗೆ ದೊಡ್ಡಮ್ಮ ಆಗಬೇಕು. ಎಪ್ಪತ್ತು ದಾಟಿತ್ತು. ಜಗುಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಇಂಥವರ ಮೊಮ್ಮಗ ಅಂತ ಹೇಳಿದೆ. ಸ್ವಲ್ಪ ಹೊತ್ತು ಮುಖ ನೋಡಿದರು. ಆಮೇಲೆ ನನ್ನ ಕೈಲಿದ್ದ ಫೈಲು ನೋಡಿದರು.

‘ಅವ್ವನ ತವ್ರೋರಾ? ಎಲ್ಲಿಗಪ್ಪಾ ಸಯಿ ಹಾಕ್ಬೇಕು?’

ಎಲ್ಲಿಗೂ ಬೇಡ ದೊಡ್ಡಮ್ಮ, ಸುಮ್ನೆ ನೋಡೋಕೆ ಬಂದೆ ಅಂದೆ. ಜೆರಾಕ್ಸ್ ತೆಗೆದು ಹೆಬ್ಬೆಟ್ಟು ತೋರಿಸಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ಇಸ್ಕೊಂಡರು. ‘ಇದು ನಮ್ಮವ್ವನ ಬೆಳ್ಳಾ?’ ಅಂದರು. ಅವರ ಹತ್ತಿರ ಅಮ್ಮನ ಒಂದು ಫೋಟೋ ಕೂಡ ಇರಲಿಲ್ಲ.

ನಿಮಗೆ ತೋರಿಸುತ್ತಿರುವ ಇದು ಆಮೇಲೆ ಮಾಡಿಸಿಕೊಂಡ ಜೆರಾಕ್ಸ್. ಮೊದಲನೆಯದು ದೊಡ್ಡಮ್ಮನ ಮನೆಯಲ್ಲಿದೆ.